ಉದ್ದ ಮೊಳೆಯ ಬೂಟು

ತೀರಿಹೋದ ಮಗಳ ಹೆಸರಿನಲ್ಲಿ ಕೊಟ್ಟೂರೇಶ್ವರನಿಗೆ ಪೂಜೆ ಮಾಡಿಸಿ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ತಂದೆ, ಮಗಳು. ಅವಳ ತೊಡೆಯ ಮೇಲೆ ಹೊಸ ಬೂಟು. ಅಡಿಯಲ್ಲಿ ಉದ್ದನೆಯ ಕಬ್ಬಿಣದ ಮೊಳೆಗಳು.

"ಅಪ್ಪಾ, ಇವು ರಗ್ಬಿ ಆಡೋರ ಬೂಟು. ಹಸಿ ಹುಲ್ಲಿನಾಗ ನೆಲಕ್ಕ ಇಳಿತಾವ."

"ಚಲೋ ಆತಲ್ಲ, ಗಟ್ಟಿ ಹಿಡಿತಾವ."

"ಹರಪನಹಳ್ಳಿ ಗ್ರೌಂಡ್ ಕಲ್ಲಿನಂಗ ಐತಿ. ಮೊಳಿ ಇಳಿಯಂಗಿಲ್ಲ. ನಾಳಿ ಆಟದಾಗ ಕಾಲು ಉಳುಕಿದ್ರ ಜಿಲ್ಲಾ ಟೀಮ್ ಕೈ ತಪ್ಪಿದಂಗ."

"ಅಂಗಡ್ಯಾಗ ಯಾಕ ಸುಮ್ನಿದ್ದಿ?"

"ನೀನು ಅಷ್ಟು ಖುಷೀಲೆ ಆರಿಸಿದ್ದಿ."

ಆತ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮತ್ತ ಎಂಥಾವು ಬೇಕು?"

"ಫುಟ್‌ಬಾಲಿನವು. ಗಿಡ್ಡ ರಬ್ಬರ್ ಮೊಳಿ ಇರೋವು."

"ನಡಿ, ಬದಲಿಸೋಣು. ಒಂದು ನಂಬರ್ ದೊಡ್ಡದ ಕೇಳ್ತೀನಿ, ಮುಂದಿನ ವರ್ಷಕ್ಕೂ ಬರ್ತಾವ."

"ಅಪ್ಪಾ, ನನಗ ಹತ್ತೊಂಬತ್ತು! ಹೈಸ್ಕೂಲ್ ಬಿಟ್ಟಾಗಿಂದ ಇದ ನಂಬರ್."

"ಹೌದೇನು? ಪ್ರತಿ ಸಲ ದೊಡ್ಡವ ತಂದೆನಲ್ಲ ನಾನು?"

"ಬೂಟಿನ ತುದ್ಯಾಗ ಬಟ್ಟಿ ತುರುಕ್ಕೊಂಡು ಆಡ್ತಿದ್ದೆ."

ಆತ ಸ್ವಲ್ಪ ಹೊತ್ತು ಅವಳ ಪಾದಗಳನ್ನೇ ನೋಡಿದ. ಆಮೇಲೆ ಬೂಟನ್ನು ಡಬ್ಬಿಗೆ ಹಾಕಿ ತಾನೇ ಎತ್ತಿಕೊಂಡು ಎದುರಿನ ಅಂಗಡಿಯ ಕಡೆಗೆ ಹೆಜ್ಜೆ ಹಾಕಿದ.

"ಈ ಸಲ ನೀನ ಹಾಕ್ಕೊಂಡು ನೋಡಿ ಹೇಳವ್ವಾ. ನಾನು ಹೊರಗ ನಿಂತಿರ್ತೀನಿ."

"ಒಳಗ ಬಾ ಅಪ್ಪಾ," ಎಂದಳು ಮಗಳು, "ಲೇಸು ಕಟ್ಟೋರು ಯಾರು ಮತ್ತ?"