ಹವಾಲ್ದಾರನ ಹೆಂಡತಿಯ ಸರ್ವಿಸು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಪ್ರವಚನ ಸುರು ಮಾಡಿದರೆ ಹಿಂದೆ ಕೂತವರು ತೂಕಡಿಸ್ತಾರೆ. ಅದಕ್ಕೇ ಇವತ್ತು ಶ್ರೀಮಂತನನ್ನ ಬಿಟ್ಟೆ. ಒಂದೂರಲ್ಲಿ ಒಬ್ಬ ಹವಾಲ್ದಾರ ಇದ್ದ. ದುಂಡಪ್ಪ ಅಂತ. ಹೆಸರಿಗೆ ತಕ್ಕ ಮೈ, ಮೈಗೆ ತಕ್ಕ ಮೀಸೆ. ಹೆಂಡತಿ ಕಸ್ತೂರಿ. ಪಿಯುಸಿ ಪಾಸಾಗಿ ಕಾಲೇಜಿಗೆ ಕಾಲಿಡೋ ಹೊತ್ತಿಗೆ ತಲೆ ಮೇಲೆ ಅಕ್ಕಿಕಾಳು ಬಿತ್ತು. ಓದು ಅಲ್ಲಿಗೇ ನಿಂತಿತು.

ದುಂಡಪ್ಪನ ಪಲ್ಟನ್ನಿನಲ್ಲಿ ಒಂದು ನಿಯಮ. ಕಥೆಯೊಳಗಿನ ನಿಯಮ ಮತ್ತೆ, ನಾಳೆ ಯಾವುದೋ ಕಚೇರಿಗೆ ಹೋಗಿ ನನ್ನ ಹೆಸರು ಹೇಳಬೇಡ್ರಿ! ಹದಿನೈದು ವರ್ಷ ಸೇವೆ ಮಾಡಿ ಬಂದರೆ ಸಿಪಾಯಿ ತಾನು ಮಾತ್ರ ಪುಕ್ಕಟೆ ಕಾಲೇಜು ಓದಬಹುದು. ಇಪ್ಪತ್ತು ಮುಗಿಸಿದರೆ ಆ ಓದನ್ನ ಮನೆಯಲ್ಲಿ ಒಬ್ಬರಿಗೆ ಬಿಟ್ಟುಕೊಡಬಹುದು.

ಹದಿನೈದು ಮುಗೀತು. ದುಂಡಪ್ಪ ರಜಾಕ್ಕೆ ಬಂದವನು ಅಂದ, "ಸಾಕಾತು ಕಸ್ತೂರಿ. ಮನಿಗೆ ಬಂದುಬಿಡ್ತೀನಿ."

"ಬಂದು ನೀವು ಓದ್ತೀರೇನು?"

"ನಾನಾ? ಎಸ್ಸೆಲ್ಸಿ ಮೂರು ಸಲ ಬರದಾಂವ ನಾನು!"

"ಹಂಗಾರ ಇನ್ನೈದು ವರ್ಷ ಇರ್ರಿ. ಗುರುಪಾದಗ ಆಗ್ತೈತಿ."

ಗುರುಪಾದ ಅಂದರೆ ಅವರ ಒಬ್ಬನೇ ಮಗ. ದುಂಡಪ್ಪ ತಿರುಗಿ ಗಡಿಗೆ ಹೋದ. ಊರು ಸುಮ್ಮನಿರ್ತದೇನು? "ಗಂಡ ಬರ್ತೀನಿ ಅಂದ್ರ ಬ್ಯಾಡ ಅಂತಾಳ, ಎಂಥಾ ಹೆಂಗಸು!" ಕಸ್ತೂರಿ ಕೇಳಿದಳು, ನುಂಗಿದಳು. ಎಮ್ಮೆ ಈಯುವಾಗ ಒಬ್ಬಳೇ. ಅತ್ತೆ ಹಾಸಿಗೆ ಹಿಡಿದಾಗ ಒಬ್ಬಳೇ. ಅತ್ತೆಯ ಮಣ್ಣಿಗೂ ಮಗನನ್ನ ಮುಂದಿಟ್ಟುಕೊಂಡು ಆಕೆ ಒಬ್ಬಳೇ.

ಇಪ್ಪತ್ತು ಮುಗಿಸಿ ದುಂಡಪ್ಪ ಬಂದ. ಮಗನನ್ನ ಕೂರಿಸಿಕೊಂಡು ಕೇಳಿದ, "ಯಾವ ಕಾಲೇಜಿಗೆ ಹೋಗ್ತಿ?"

"ಅಪ್ಪಾ, ಸಿಟ್ಟಾಗಬ್ಯಾಡ. ನನಗ ಕಾಲೇಜು ಬ್ಯಾಡ. ಟ್ರ್ಯಾಕ್ಟರ್ ರಿಪೇರಿ ಕೈಗೆ ಹತ್ತೈತಿ. ಗ್ಯಾರೇಜಿನಾಗ ಆರಾಮ ಅದೀನಿ."

ಬೈದು ನೋಡಿದ, ರಮಿಸಿ ನೋಡಿದ. ಹುಡುಗ ಜಗ್ಗಲಿಲ್ಲ. ದುಂಡಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು!"

ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಈ ಕಡೆ ತಿರುಗಲಿಲ್ಲ. "ನಾ ಓದ್ಲೇನ್ರಿ?"

ದುಂಡಪ್ಪ ನಕ್ಕ. ಗೋಡೆ ಅದುರುವ ಹಾಗೆ ನಕ್ಕ. ನೋಡ್ರಿ, ನೀವೂ ನಕ್ಕಿರಿ! ಆಕೆ ನಗಲಿಲ್ಲ.

"ಇಪ್ಪತ್ತು ವರ್ಷ ಸರ್ವಿಸು ಅಂತೀರಿ. ಕಡೀ ಐದು ಯಾರವು? ನಿಮಗ ಅಲ್ಲಿ ಜೋಡಿಗಾರರಿದ್ರು, ಕೈಗೆ ಊಟ ಬರ್ತಿತ್ತು. ನಾನು ಇಲ್ಲಿ ಯಾರ ಜೋಡಿ ಪಾಳಿ ಬದಲಿ ಮಾಡ್ಕೋಬೇಕಿತ್ತು?"

ನಗು ಮೀಸೆಯಲ್ಲೇ ನಿಂತುಬಿಟ್ಟಿತು. ದುಂಡಪ್ಪ ಎದ್ದು ಹಿತ್ತಲಿಗೆ ಹೋದ. ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದವು.

"ಕಾಲೇಜು ಮುಂಜಾನಿ ಎಷ್ಟಕ್ಕ ಸುರು ಆಗ್ತೈತಿ?" ಅಂದ.

ಕಾಲೇಜಿಗೆ ಹೋದರು. ಅಲ್ಲಿಯ ಗುಮಾಸ್ತ ಇಬ್ಬರನ್ನೂ ನೋಡಿ, "ಮಗಳೆಲ್ಲಿ? ಒಳಗ ಕರೀರಿ" ಅಂದ. ದುಂಡಪ್ಪ ಎದೆ ಸೆಟೆಸಿ ನಿಂತು, ಪರೇಡು ಮೈದಾನಕ್ಕೆ ಕೇಳುವಂಥ ದನಿ ತೆಗೆದ: "ಈಕೀನ ವಿದ್ಯಾರ್ಥಿನಿ, ಸಾಹೇಬ್ರ!" ಆಫೀಸಿನ ಮಂದಿಯೆಲ್ಲ ಬೆಚ್ಚಿ ಎದ್ದರಂತೆ.

ಆಮೇಲೆ ಕಸ್ತೂರಿ ಓದಿದಳು, ದುಂಡಪ್ಪ ರೊಟ್ಟಿ ಬಡಿದ. ಏನು ರೊಟ್ಟಿ ಅಂತೀರಿ! ಒಂದೊಂದು ಭಾರತದ ನಕಾಶೆ. ಒಮ್ಮೆ ಲಂಕೆಯೂ ಬೇರೆಯಾಗಿ ಬಂದಿತ್ತಂತೆ. ಮಗಳ ವಯಸ್ಸಿನ ಹುಡುಗಿಯರ ಜೊತೆ ಡಬ್ಬಿ ಬಿಚ್ಚಿ ಕಸ್ತೂರಿ ಅದನ್ನೇ ಹಂಚಿಕೊಂಡು ತಿಂದಳು, ಬಿ.ಎ. ಮುಗಿಸಿದಳು. ಈಗ ಬಿ.ಎಡ್. ಓದ್ತಾಳೆ. ದುಂಡಪ್ಪನಿಗೆ ಇನ್ನೂ ಹೋಳಿಗೆ ಕಲಿಯೋದು ಬಾಕಿ ಐತಿ.

ಸರಿ, ದುಂಡಪ್ಪನನ್ನ ಬಿಡ್ರಿ. ನಿಮ್ಮ ಮನೆ? ಅಂಗಡಿ ಇಟ್ಟವರು, ನೌಕರಿ ಮಾಡಿದವರು, ಎಷ್ಟು ವರ್ಷ ಅಂತ ಎದೆ ತಟ್ಟಿ ಹೇಳ್ತೀರಿ. ಒಪ್ಪಿದೆ. ಆ ವರ್ಷಗಳಲ್ಲಿ ಒಲೆ ಮುಂದೆ ಕೂತವಳದು ಸೇವೆ ಅಲ್ಲೇನು? ಆಕೆಗೆ ನಿವೃತ್ತಿ ಯಾವಾಗ? ಆಕೆಯ ಸೇವೆಯ ಲೆಕ್ಕ ಬರೆಯೋರು ಯಾರು? ಸರಕಾರ ಬರೆಯೋದಿಲ್ಲ. ನೀವು ಬರೀಬೇಕು.

ಪ್ರಸಾದ ಮುಗಿಸಿ ಮನೆಗೆ ಹೋಗ್ರಿ. ನಿಮ್ಮ ತಟ್ಟೆ ನೀವು ತೊಳೀರಿ. ಆಕೆಯ ದಿನದಲ್ಲಿ ಒಂದು ತಾಸು ಬಿಡಿಸಿಕೊಡ್ರಿ, ದಿನಾ ಕೊಡ್ರಿ. ಆಮೇಲೆ ಕೇಳ್ರಿ, "ನಿನಗ ಏನು ಕಲೀಬೇಕಂತ ಇತ್ತು?" "ಏನಿಲ್ಲ ಬಿಡ್ರಿ" ಅಂತಾಳೆ. ಎದ್ದು ಹೋಗಬೇಡ್ರಿ. ಅಲ್ಲೇ ಕೂತು ಇನ್ನೊಮ್ಮೆ ಕೇಳ್ರಿ.