ಏಳನೇ ಗೇಟಿನಲ್ಲಿ ಅಕ್ಕ ಒಳಗೆ, ನಾನು ಹೊರಗೆ

ಹೇಳಿಕೆ ಕೊಡುವವಳು: ಜೆರ್ಸಿ ಹೊಲಿಯುವ ಟೈಲರಮ್ಮನ ತಂಗಿ. ವಯಸ್ಸು 48. ವಿದ್ಯಾಭ್ಯಾಸ: ಎಂ.ಎ. ವೃತ್ತಿ: ಪುಸ್ತಕ ಪ್ರಕಾಶಕರ ಬಳಿ ಕರಡು ತಿದ್ದುವ ಕೆಲಸ. ವಾಸ: ಕ್ರೀಡಾಂಗಣದ ಹಿಂದಿನ ಮೂರನೇ ಅಡ್ಡರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ, ಅಕ್ಕನ ಜೊತೆ.

ಯಾರ ಒತ್ತಾಯವೂ ಇಲ್ಲದೆ, ಇವತ್ತು ಮಧ್ಯಾಹ್ನ ನಡೆದದ್ದನ್ನು ನಡೆದ ಕ್ರಮದಲ್ಲೇ ನಾನು ಹೇಳುವುದೇನೆಂದರೆ:

ನನ್ನ ಅಕ್ಕನಿಗೆ ಅರವತ್ತೊಂದು ವರ್ಷ. ಇಲ್ಲಿಯ ಫುಟ್‌ಬಾಲ್ ತಂಡದ ಜೆರ್ಸಿಗಳ ಬೆನ್ನಿಗೆ ಬಹಳ ವರ್ಷ ಅಂಕಿ ಹೊಲಿದುಕೊಟ್ಟವಳು. ಈಗ ಅಂಕಿಗಳು ಅಚ್ಚಾಗಿಯೇ ಬರುತ್ತವೆ. ಆದರೂ ತಂಡದ ಒಂದು ಪಂದ್ಯವನ್ನೂ ಅವಳು ಬಿಟ್ಟಿಲ್ಲ. ಎಲ್ಲರೂ ಚೆಂಡು ನೋಡಿದರೆ ಇವಳು ಆಟಗಾರರ ಬೆನ್ನು ನೋಡುತ್ತಾಳೆ. ಒಂಬತ್ತರ ಬಾಲ ಆಗಲೇ ಕಿತ್ತುಬಂದಿದೆ ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ.

ನಮ್ಮಿಬ್ಬರಲ್ಲಿ ಯಾರ ಹತ್ತಿರವೂ ಸ್ಮಾರ್ಟ್‌ಫೋನ್ ಇಲ್ಲ. ನನ್ನ ಬಳಿ ಇರುವುದು ಕೀಪ್ಯಾಡ್ ಫೋನ್. ಅಕ್ಕನ ಬಳಿ ಅದೂ ಇಲ್ಲ. ಮಾತಾಡೋಕೆ ಮನೆಯಲ್ಲಿ ನೀನೊಬ್ಬಳು ಸಾಲದಾ ಎನ್ನುತ್ತಾಳೆ. ಇಷ್ಟು ಓದಿಯೂ ಒಂದು ಸ್ಮಾರ್ಟ್‌ಫೋನ್ ಇಲ್ಲವೇ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದಕ್ಕೆ, ಇವತ್ತಿನವರೆಗೆ ಬೇಕು ಅನ್ನಿಸಿರಲಿಲ್ಲ ಎಂದು ಉತ್ತರಿಸಿದ್ದೇನೆ.

ಹೋದ ವರ್ಷದವರೆಗೆ ಕ್ರೀಡಾಂಗಣದ ಕಿಟಕಿಯಲ್ಲಿ ಕಾಗದದ ಟಿಕೆಟ್ ಕೊಡುತ್ತಿದ್ದರು. ಈ ವರ್ಷ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಟಿಕೆಟ್ ಫೋನಿನಲ್ಲಿ ಮಾತ್ರ. ಆದ್ದರಿಂದ ಇವತ್ತಿನ ಅಂತಿಮ ಪಂದ್ಯಕ್ಕೆ ನಮ್ಮ ಕೆಳಗಿನ ಔಷಧಿ ಅಂಗಡಿಯವರು ತಮ್ಮ ಫೋನಿನಲ್ಲಿ ಎರಡು ಟಿಕೆಟ್ ತೆಗೆದಿದ್ದರು. ಗೇಟಿನವರೆಗೆ ಬಂದು, ಫೋನ್ ತೋರಿಸಿ, ನಮ್ಮನ್ನು ಒಳಗೆ ಬಿಟ್ಟು ಅಂಗಡಿಗೆ ವಾಪಸ್ ಹೋಗುವುದೆಂದು ಮಾತಾಗಿತ್ತು.

ಅಕ್ಕನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಅರ್ಧ ಗಂಟೆಯೊಳಗೆ ಉಣ್ಣಬೇಕು. ಪಂದ್ಯದ ದಿನ ಮನೆಯಲ್ಲಿ ಉಂಡರೆ ತಂಡ ಸೋಲುತ್ತದೆ ಎಂಬುದು ಅವಳ ನಂಬಿಕೆ. ಒಮ್ಮೆ ಹಾಗೆ ಸೋತಿತ್ತಂತೆ. ಅದಕ್ಕೇ ಪಂದ್ಯದ ದಿನ ಅವಳು ಸೂಜಿಯನ್ನು ಮನೆಯಲ್ಲಿ ಚುಚ್ಚಿಕೊಂಡು, ಊಟವನ್ನು ತನ್ನ ಸೀಟಿನಲ್ಲಿ ಕೂತು ಮಾಡುತ್ತಾಳೆ. ಮನೆಯಿಂದ ಸೀಟಿಗೆ ಹತ್ತು ನಿಮಿಷದ ದಾರಿ, ಆದ್ದರಿಂದ ಇದುವರೆಗೆ ತೊಂದರೆ ಆಗಿರಲಿಲ್ಲ. ಇವತ್ತು 1.20ಕ್ಕೆ ಸೂಜಿ ಚುಚ್ಚಿಕೊಂಡಳು. ಊಟದ ಡಬ್ಬಿ, ಗ್ಲೂಕೋಸ್ ಪುಡಿ, ಡಾಕ್ಟರ ಚೀಟಿ ಮೂರೂ ನನ್ನ ಹೆಗಲಚೀಲದಲ್ಲಿದ್ದವು. ಅಕ್ಕ ಕೈಬೀಸಿಕೊಂಡು ನಡೆದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅದನ್ನು ತೆಗೆದಿಡುವುದು ಅವಳಿಗೆ ಯಾವತ್ತೂ ನೆನಪಾಗುವುದಿಲ್ಲ. ನಾನೂ ಹೇಳಲಿಲ್ಲ.

ಏಳನೇ ಗೇಟಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುವ, ಆಳೆತ್ತರದ ತಿರುಗುವ ಕಂಬಿ ಇದೆ. ಒಳಗೆ ಹೋದರೆ ಅದೇ ದಾರಿಯಲ್ಲಿ ಹೊರಗೆ ಬರಲಾಗುವುದಿಲ್ಲ. ಸಾಲಿನಲ್ಲಿ ನಿಂತು ನಮ್ಮ ಸರದಿ ಬಂದಾಗ 1.50. ಅಂಗಡಿಯವರು ಫೋನನ್ನು ಯಂತ್ರಕ್ಕೆ ಹಿಡಿದರು, ಹಸಿರು ದೀಪ ಬಂತು, ಅಕ್ಕ ಒಳಗೆ ಹೋದಳು. ನನಗಾಗಿ ಮತ್ತೆ ಹಿಡಿದರು. ಕೆಂಪು ದೀಪ ಬಂತು. ಗೇಟಿನ ಕಾವಲುಗಾರರು ನೋಡಿ, ಈ ವಾರದಿಂದ ಒಂದು ಫೋನಿಗೆ ಒಂದೇ ಟಿಕೆಟ್, ಎರಡನೆಯದನ್ನು ಮೇಡಂ ಫೋನಿಗೆ ಕಳಿಸಿ ಎಂದರು. ನಾನು ನನ್ನ ಫೋನ್ ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ಇದರಲ್ಲಿ ಟಾರ್ಚ್ ಚೆನ್ನಾಗಿ ಬರುತ್ತೆ, ಟಿಕೆಟ್ ಬರಲ್ಲ ಎಂದರು. ಹಿಂದೆ ನಿಂತವರು ನಕ್ಕರು. ಯಾರೋ ಒಬ್ಬರು, ಅಮ್ಮಾ ಪಕ್ಕಕ್ಕೆ ಬನ್ನಿ, ಮುಂದಿನ ವರ್ಷದ ಪಂದ್ಯಕ್ಕೆ ಈಗಲೇ ಸಾಲು ಹಿಡಿಯಬಹುದು ಎಂದರು.

ಒಳಗೆ ಹೋದವರಿಗೆ ಊಟ ಬೇಕು, ಸೂಜಿ ಚುಚ್ಚಿಕೊಂಡು ಆಗಲೇ ಅರ್ಧ ಗಂಟೆಯಾಯಿತು ಎಂದು ಹೇಳಿ ಚೀಲವನ್ನು ಕಂಬಿಗಳ ಸಂದಿಯಿಂದ ಅಕ್ಕನಿಗೆ ಕೊಡಲು ಹೋದೆ. ಕಂಬಿಯ ಮೂಲಕ ಯಾವ ವಸ್ತುವನ್ನೂ ದಾಟಿಸುವಂತಿಲ್ಲ ಎಂದು ಕಾವಲುಗಾರರು ಕೈ ಅಡ್ಡ ಹಿಡಿದರು. ಹಾಗಾದರೆ ನೀವೇ ಪರೀಕ್ಷಿಸಿ ಕೊಡಿ ಎಂದೆ. ಗೇಟು ಬಿಟ್ಟು ಒಂದು ಹೆಜ್ಜೆ ಇಟ್ಟರೂ ನನ್ನ ಕೆಲಸ ಹೋಗುತ್ತೆ, ಮುಖ್ಯ ದ್ವಾರದ ಸಹಾಯ ಕೇಂದ್ರಕ್ಕೆ ಹೋಗಿ ಎಂದರು. ಅವರು ಒರಟಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ಒಳಗೆ ಬರುತ್ತಿದ್ದವರು ಅಕ್ಕನನ್ನು ಹಿಂದೆ ಹಿಂದೆ ತಳ್ಳುತ್ತಿದ್ದರು. ಅವಳ ತಲೆ ಕಾಣದಾಯಿತು. ದನಿ ಮಾತ್ರ ಕೇಳಿಸಿತು. ಪುಟ್ಟಿ, ನೀನು ಅಲ್ಲೇ ನಿಲ್ಲು, ನಾನು ಬರ್ತೀನಿ ಎಂದು ಕೂಗಿದಳು.

ಔಷಧಿ ಅಂಗಡಿಯವರ ಮುಖ ಬಾಡಿಹೋಗಿತ್ತು. ನನ್ನ ಕೈಯಾರೆ ಎಡವಟ್ಟು ಮಾಡಿದೆನಲ್ಲ ಎಂದು ಎರಡು ಸಲ ಹೇಳಿದರು. ಅವರ ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಆಕೆಯ ಫೋನ್ ತರ್ತೀನಿ, ಟಿಕೆಟ್ ಅದಕ್ಕೆ ಕಳಿಸೋಣ, ಅರ್ಧ ಗಂಟೆ ಅಷ್ಟೇ ಎಂದು ಬೈಕ್ ತೆಗೆದುಕೊಂಡು ಹೋದರು.

ನಾನು ಮುಖ್ಯ ದ್ವಾರಕ್ಕೆ ಓಡಿದೆ. ಸಹಾಯ ಕೇಂದ್ರದಲ್ಲಿ ಮೇಜಿತ್ತು, ಕುರ್ಚಿಯಿತ್ತು, ಮನುಷ್ಯರಿರಲಿಲ್ಲ. ಸಹಾಯಕ್ಕಾಗಿ ಇದನ್ನು ಸ್ಕ್ಯಾನ್ ಮಾಡಿ ಎಂಬ ಫಲಕ ಮಾತ್ರ ಇತ್ತು. ವಾಪಸ್ ಏಳನೇ ಗೇಟಿಗೆ ಬಂದು ನಿಂತೆ.

ಅಲ್ಲಿ ಸುಮ್ಮನೆ ಯಾಕೆ ನಿಂತಿರಿ ಎಂದು ಸಾಹೇಬರು ಕೇಳಿದ್ದರಿಂದ ಇದನ್ನು ಹೇಳುತ್ತಿದ್ದೇನೆ. ನನಗೆ ಆರು ವರ್ಷವಿದ್ದಾಗ ಒಂದು ಓಟದ ಪಂದ್ಯದಲ್ಲಿ ಜನರ ನಡುವೆ ತಪ್ಪಿಸಿಕೊಂಡಿದ್ದೆ. ನಾನು ಅಳುತ್ತಾ ಅಕ್ಕನನ್ನು ಹುಡುಕಿಕೊಂಡು ಹೋದೆ, ಅಕ್ಕ ನನ್ನನ್ನು ಹುಡುಕಿಕೊಂಡು ಬಂದಳು. ಇಡೀ ಮೈದಾನ ಖಾಲಿಯಾದ ಮೇಲೆಯೇ ನಾವು ಸಿಕ್ಕಿದ್ದು. ಆ ದಿನ ಅವಳು ನನ್ನ ಎರಡೂ ಭುಜ ಹಿಡಿದು, ಕಳೆದುಹೋದವರು ನಿಲ್ಲಬೇಕು, ಹುಡುಕುವವರು ನಡೆಯಬೇಕು, ಇಬ್ಬರೂ ನಡೆದರೆ ಜನ್ಮದಲ್ಲಿ ಸಿಗಲ್ಲ ಎಂದು ಹೇಳಿದ್ದಳು. ಅಂದಿನಿಂದ ಸಂತೆಯಿರಲಿ, ನಿಲ್ದಾಣವಿರಲಿ, ನಮ್ಮಲ್ಲಿ ಇದೇ ನಡೆದುಬಂದಿದೆ. ನಾನು ನಿಲ್ಲುತ್ತೇನೆ, ಅವಳು ಬರುತ್ತಾಳೆ. ನಮಗೆ ಫೋನ್ ಬೇಕು ಅನ್ನಿಸದಿರಲು ಅದೂ ಒಂದು ಕಾರಣ ಇರಬಹುದು.

2.20ರವರೆಗೆ ನಿಂತೆ. ಅಂಗಡಿಯವರು ಬರಲಿಲ್ಲ. ಅಕ್ಕ ಕಂಬಿಯ ಆಚೆ ಕಾಣಿಸಲಿಲ್ಲ. ಆಗ ನನಗೆ ಹೊಳೆದದ್ದೇನೆಂದರೆ, ನಾನು ನಿಂತಿದ್ದೇನೆ ಎಂದರೆ ಅಕ್ಕ ನಡೆಯುತ್ತಿದ್ದಾಳೆ. ಹೊರಗೆ ಬರುವ ದಾರಿ ಹುಡುಕಿಕೊಂಡು, ಖಾಲಿ ಹೊಟ್ಟೆಯಲ್ಲಿ, ಸೂಜಿ ಚುಚ್ಚಿಕೊಂಡು ನಡೆಯುತ್ತಿದ್ದಾಳೆ. ಸಕ್ಕರೆ ಇಳಿಯಲು ಅದಕ್ಕಿಂತ ಬೇರೆ ಏನೂ ಬೇಕಿಲ್ಲ. ಅವಳು ತನ್ನ ಕಾಯಿಲೆಯ ಬಗ್ಗೆ ಪರರ ಮುಂದೆ ಬಾಯಿ ಬಿಡುವವಳಲ್ಲ. ಬಿದ್ದರೆ ಮಾತ್ರ ಗೊತ್ತಾಗುತ್ತದೆ.

ಕ್ರೀಡಾಂಗಣದ ಇನ್ನೊಂದು ಮಗ್ಗುಲಲ್ಲಿ ಆಂಬ್ಯುಲೆನ್ಸ್ ಹೋಗಿಬರುವ ಗೇಟಿದೆ. ಅಲ್ಲಿಗೆ ಹೋದೆ. ನೀರಿನ ಬಾಟಲಿಗಳ ಗಾಡಿಯೊಂದಕ್ಕಾಗಿ ಅದನ್ನು ತೆರೆದರು. ನಾನು ಗಾಡಿಯ ಹಿಂದೆಯೇ ಒಳಗೆ ನಡೆದೆ. ಟಿಕೆಟ್ ಇಲ್ಲದೆ ಒಳಗೆ ಹೋದದ್ದು ನಿಜ. ಹಿಂದಿನಿಂದ ಯಾರೋ ಏ ಅಮ್ಮಾ ಎಂದು ಕರೆದರು. ತಿರುಗಿ ನೋಡಲಿಲ್ಲ. ಅದೇ ಹೊತ್ತಿಗೆ ಪಂದ್ಯ ಶುರುವಾಗಿ ತಲೆಯ ಮೇಲಿನ ಮೆಟ್ಟಿಲುಗಳಲ್ಲಿ ಜನ ಕೂಗಿದರು.

ಮೆಟ್ಟಿಲುಗಳ ಅಡಿಯಲ್ಲಿ ಕ್ರೀಡಾಂಗಣವನ್ನು ಸುತ್ತುವ ಅಗಲವಾದ ಓಣಿ ಇದೆ. ಮೊದಲು ನಮ್ಮ ಸೀಟಿಗೆ ಹತ್ತಿ ನೋಡಿದೆ. ಎರಡೂ ಖಾಲಿ. ಇಳಿದುಬಂದು ಓಣಿ ಹಿಡಿದೆ. ತಂಪು ಪಾನೀಯದ ಅಂಗಡಿಯವರನ್ನು, ಹಸಿರು ಅಂಗಿ, ಕೊರಳಲ್ಲಿ ಟೇಪು ಹಾಕಿಕೊಂಡ ಹೆಂಗಸನ್ನು ನೋಡಿದಿರಾ ಎಂದು ಕೇಳಿದೆ. ನೋಡಿದ್ದರು. ಆಕೆ ಬಂದು ಹಣ್ಣಿನ ರಸ ಕೇಳಿದರಂತೆ, ನೋಟು ಚಾಚಿದರಂತೆ. ಇಲ್ಲಿ ಫೋನಿನಲ್ಲೇ ದುಡ್ಡು ಕಟ್ಟಬೇಕು, ನೋಟು ಮುಟ್ಟಿದರೆ ಮಾಲೀಕರು ಬಿಡಲ್ಲ ಎಂದು ಇವರು ಹೇಳಿದರಂತೆ. ನೋಟು ಹರಿದಿಲ್ಲಪ್ಪ, ಹರಿದಿದ್ದರೆ ನಾನೇ ಹೊಲಿದುಕೊಡ್ತಿದ್ದೆ ಎಂದು ನಕ್ಕು ಆಕೆ ಬಲಕ್ಕೆ ಹೋದರಂತೆ. ಆಕೆಗೆ ಹುಷಾರಿಲ್ಲ ಎಂದು ನಾನು ಹೇಳಿದಾಗ ಅವರು ಗಾಬರಿಯಾಗಿ, ಒಂದು ಮಾತು ಹೇಳಿದ್ದರೆ ಸುಮ್ಮನೇ ಕೊಡ್ತಿದ್ದೆನಲ್ಲಮ್ಮಾ ಎಂದು ಒಂದು ಬಾಟಲಿ ತೆಗೆದು ನನ್ನ ಕೈಗಿಟ್ಟರು.

ಬಲಕ್ಕೆ ನಡೆದೆ. ಆಮೇಲೆ ಓಡಿದೆ. ಶೌಚಾಲಯಗಳಲ್ಲಿ ಕೂಗಿ ನೋಡಿದೆ. ಒಂದು ಸುತ್ತು ಮುಗಿದು ಮತ್ತೆ ಪಾನೀಯದ ಅಂಗಡಿ ಬಂತು. ಅಂಗಡಿಯವರು ನನ್ನನ್ನು ಕಂಡು, ಈಗ ತಾನೇ ಹೋದರು, ಗೋಡೆ ಹಿಡಿದುಕೊಂಡು ಹೋದರು, ಗಿರಾಕಿಗಳ ನಡುವೆ ಕೂಗಿದೆ, ಕೇಳಿಸಲಿಲ್ಲ ಎಂದರು. ಮತ್ತೆ ಬಲಕ್ಕೆ ಓಡಿದೆ. ನಡುವೆ ಮತ್ತೊಮ್ಮೆ ಸೀಟುಗಳ ಕಡೆ ಹತ್ತಿ ಇಳಿದೆ. ಎರಡನೇ ಸುತ್ತಿನಲ್ಲಿ ಏಳನೇ ಗೇಟಿನ ಒಳಬದಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು. ಟೇಪಿನ ಅಮ್ಮ ಎರಡು ಸಲ ಹೋದರು, ನೀವೂ ಎರಡು ಸಲ ಬಂದಿರಿ, ಏನಮ್ಮಾ ಇಬ್ಬರೂ ಗಾಣದ ಎತ್ತಿನ ಹಾಗೆ ಒಂದೇ ಕಡೆಗೆ ಸುತ್ತುತ್ತಿದ್ದೀರಿ ಎಂದಳು.

ನಾನು ಅಲ್ಲೇ ನಿಂತೆ. ತಿರುಗುವ ಕಂಬಿಯ ಒಳಬದಿಯಲ್ಲಿ ಒಂದು ಕಂಬವಿದೆ. ಅದಕ್ಕೆ ಬೆನ್ನು ಕೊಟ್ಟು, ಚೀಲವನ್ನು ಎದೆಗೆ ಅವಚಿಕೊಂಡು ನಿಂತೆ. ಎದುರು ದಿಕ್ಕಿಗೆ ಹೋಗಬಹುದಿತ್ತಲ್ಲ ಎಂದು ಸಾಹೇಬರು ಕೇಳಿದರು. ಹೋಗಬಹುದಿತ್ತು. ಆದರೆ ಅಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿದ್ದರೆ, ಅವಳೂ ತಿರುಗಿದ್ದರೆ? ಅವಳು ನಿಲ್ಲು ಎಂದು ಹೇಳಿದ್ದು ಏಳನೇ ಗೇಟಿನಲ್ಲಿ. ಅವಳು ಎಷ್ಟು ಸುತ್ತಿದರೂ ಅಲ್ಲಿಗೆ ಬಂದೇ ಬರುತ್ತಾಳೆ ಎಂಬುದೊಂದೇ ನನಗೆ ಖಚಿತವಾಗಿ ಗೊತ್ತಿತ್ತು.

ಸುಮಾರು ಐದು ನಿಮಿಷದ ನಂತರ ಇಬ್ಬರು ಕಾವಲುಗಾರರು ಬಂದರು. ಟಿಕೆಟ್ ತೋರಿಸಿ ಎಂದರು. ಇಲ್ಲ ಎಂದೆ. ಹಾಗಾದರೆ ಹೊರಗೆ ನಡೆಯಿರಿ ಎಂದರು. ನಾನು ಕಳೆದುಹೋಗಿದ್ದೇನೆ, ಇಲ್ಲಿಂದ ಕದಲುವಂತಿಲ್ಲ, ನನ್ನನ್ನು ಹುಡುಕುವವರು ಬರುತ್ತಿದ್ದಾರೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಡಿದಿದ್ದೀರಾ ಎಂದು ಒಬ್ಬರು ಕೇಳಿದರು. ನನ್ನ ಮಾತು ಆಗ ಸರಿಯಾಗಿ ಬರುತ್ತಿರಲಿಲ್ಲ, ಆದ್ದರಿಂದ ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಅವರಲ್ಲಿ ಒಬ್ಬರು, ಈಗ ನನ್ನ ಮೇಲೆ ದೂರು ಕೊಟ್ಟಿರುವವರು, ಚೀಲದ ಪಟ್ಟಿ ಹಿಡಿದು ಎಳೆದರು. ನಾನು ಬಿಡಲಿಲ್ಲ. ಪಟ್ಟಿ ಕಿತ್ತುಬಂದು ಅವರು ಹಿಂದಕ್ಕೆ ಬಿದ್ದರು, ಮಣಿಕಟ್ಟು ಉಳುಕಿತು. ನಾನು ಅವರನ್ನು ಹೊಡೆದಿಲ್ಲ, ತಳ್ಳಿಲ್ಲ. ಚೀಲ ಬಿಡಲಿಲ್ಲ ಎಂಬುದು ಸತ್ಯ.

ಅವರು ನೆಲದಿಂದ ಏಳುತ್ತಿರುವಾಗ ಅಕ್ಕ ಬಂದಳು. ಎಡಗೈ ಗೋಡೆಯ ಮೇಲಿತ್ತು. ಮುಖದಲ್ಲಿ ಬೆವರು ಸುರಿಯುತ್ತಿತ್ತು. ನನ್ನನ್ನು ಕಂಡು, ಎಲ್ಲಿ ಹಾಳಾಗಿ ಹೋಗಿದ್ದೆ, ನಿಲ್ಲು ಅಂದರೆ ನಿಲ್ಲೋಕೆ ಬರಲ್ವಾ ನಿನಗೆ ಎಂದು ಬೈದಳು. ಕಂಬಿಯ ಆಚೆ ಎಷ್ಟು ಸಲ ಇಣುಕಿ ನೋಡಬೇಕು ಎಂದೂ ಬೈದಳು. ಇನ್ನೂ ಏನೋ ಹೇಳಿದಳು, ಅದು ತೊದಲಿತು. ಅಲ್ಲೇ ಕುಸಿದಳು.

ಬಿದ್ದ ಕಾವಲುಗಾರರೇ ನೋವಿಲ್ಲದ ಕೈಯಿಂದ ಅವಳ ತಲೆಯನ್ನು ಎತ್ತಿ ಹಿಡಿದರು. ಇನ್ನೊಬ್ಬರು ಆಂಬ್ಯುಲೆನ್ಸ್ ಕರೆಯಲು ಓಡಿದರು. ನಾನು ಗ್ಲೂಕೋಸ್ ಪುಡಿಯನ್ನು ಬೆರಳಿನಿಂದ ಅವಳ ಕೆನ್ನೆಯ ಒಳಗೆ ಒತ್ತಿ ಒತ್ತಿ ಸವರಿದೆ. ಕಚ್ಚಿದಳು. ಕಚ್ಚುವಷ್ಟು ಶಕ್ತಿ ಇದೆ ಎಂದು ಧೈರ್ಯ ತಂದುಕೊಂಡೆ. ಆಂಬ್ಯುಲೆನ್ಸ್ ಹೊರಡುವಾಗ 3.15. ಅವಳ ಕಣ್ಣು ಮುಚ್ಚಿತ್ತು. ಫೋನ್ ತಂದು ಗೇಟಿನಲ್ಲಿ ನನ್ನನ್ನು ಹುಡುಕುತ್ತಿದ್ದ ಔಷಧಿ ಅಂಗಡಿಯವರು ಜೊತೆಯಲ್ಲಿ ಹೋದರು. ನನ್ನನ್ನು ಪೊಲೀಸರು ಕಾವಲುಗಾರರ ದೂರಿನ ಮೇಲೆ ಠಾಣೆಗೆ ಕರೆತಂದರು.

ಕಾವಲುಗಾರರ ಮಣಿಕಟ್ಟಿಗೆ ಪೆಟ್ಟಾದದ್ದಕ್ಕೆ ನನಗೆ ಬೇಸರವಿದೆ, ಅವರ ಚಿಕಿತ್ಸೆಯ ಖರ್ಚು ಕೊಡುತ್ತೇನೆ. ಅವರ ಮೇಲೆ ನನ್ನ ದೂರು ಇಲ್ಲ. ಪಂದ್ಯದಲ್ಲಿ ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ.

ಬರೆದುಕೊಂಡ ಪೇದೆಯವರು ಇದೆಲ್ಲವನ್ನೂ ನನಗೆ ಓದಿ ಹೇಳಿದ್ದಾರೆ. ಒಂದು ಕಡೆ ಅವರು ‘ಕಳೆದುಹೋಗಿದ್ದ ನನ್ನ ಅಕ್ಕ’ ಎಂದು ಬರೆದಿದ್ದರು. ಕಳೆದುಹೋಗಿದ್ದವಳು ನಾನು, ಅಕ್ಕ ಹುಡುಕುತ್ತಿದ್ದವಳು ಎಂದು ಅದನ್ನು ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನನ್ನ ಅರಿವಿಗೆ ಬಂದಷ್ಟು ಸತ್ಯವಾಗಿದೆ.

ಕೊನೆಯದಾಗಿ ಒಂದು ಕೋರಿಕೆಯನ್ನೂ ಇದರಲ್ಲೇ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ. ಆಸ್ಪತ್ರೆಯಿಂದ ಇನ್ನೂ ಫೋನ್ ಬಂದಿಲ್ಲ. ಅಕ್ಕನಿಗೆ ಎಚ್ಚರವಾದ ತಕ್ಷಣ, ನಿಮ್ಮ ತಂಗಿ ಠಾಣೆಯ ಬಾಗಿಲ ಪಕ್ಕದ ಬೆಂಚಿನ ಹತ್ತಿರ ಇದ್ದಾಳೆ, ಅಲ್ಲಿಂದ ಕದಲಿಲ್ಲ ಎಂದು ಯಾರಾದರೂ ಅವಳ ಕಿವಿಗೆ ಹಾಕಬೇಕು. ಹೇಳದಿದ್ದರೆ ಅವಳು ಹಾಸಿಗೆ ಬಿಟ್ಟು ಎದ್ದು ಹುಡುಕಲು ಹೊರಡುತ್ತಾಳೆ.

ಸ್ಥಳ: ಪೊಲೀಸ್ ಠಾಣೆ, ಬಾಗಿಲ ಪಕ್ಕದ ಬೆಂಚು
ದಿನಾಂಕ: 14, ಭಾನುವಾರ, ಸಂಜೆ 5.40
ಸಹಿ: (ಟೈಲರಮ್ಮನ ತಂಗಿ)