ಊಟಕ್ಕೆ ಬಂದ ಸಾರುಲಳ ಅಪ್ಪ

ಮೊನ್ನೆ ಶುಕ್ರವಾರ ಉಲಾನ್‌ಬಾತರ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಎಲೆಕೋಸಿನ ಚೀಲ ಇಟ್ಟುಕೊಂಡು ಕೊರಿಯಾದ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಆರು ವರ್ಷ ಬುಸಾನಿನಲ್ಲಿ ದುಡಿದು ಬಂದ ನನಗೆ ಅವರ ಮಾತು ತಿಳಿಯುತ್ತದೆಂದು ಅವರಿಗೇನು ಗೊತ್ತು.

“ಇವತ್ತು ಚರ್ಚಿನಲ್ಲಿ ನಾವು ಹುಡುಗರಿಗೆ ಹಾಕೋ ಊಟಕ್ಕೆ ಸಾರುಲಳ ಅಪ್ಪ ನಿಜವಾಗ್ಲೂ ಬರ್ತಾರೇನೇ?” ಎಂದರು ಗಂಡ.

“ಬರ್ತಾರಂತೆ ರೀ. ಚರ್ಚಿನ ಹೊಸ್ತಿಲು ತುಳೀಬೇಡ ಅಂತ ಮಗಳಿಗೆ ಹೇಳಿದ್ದ ಮನುಷ್ಯ. ಶುಕ್ರವಾರ ಮನೆ ಊಟ ಬಿಟ್ಟು ಅಲ್ಲಿ ಅದೇನು ತಿಂತೀಯೋ ನಾನೂ ನೋಡ್ತೀನಿ ಅಂದ್ರಂತೆ.”

“ಹಾಗಾದ್ರೆ ಊಟಕ್ಕೆ ಮೊದಲು ನಾನು ಎರಡು ಮಾತು...”

“ಉಪದೇಶ ಬೇಡ. ನೀವು ಆಲೂಗಡ್ಡೆ ಸುಲೀರಿ, ಸಾಕು.”

“ಎರಡು ವರ್ಷದಿಂದ ಇಲ್ಲಿ ನಾನು ಮಾಡಿದ ಸೇವೆ ಅದೇ ತಾನೆ.”

“ಮೊದಲ ವಾರ ಊಟಕ್ಕೆ ಬಂದಿದ್ದು ಮೂರೇ ಹುಡುಗರು. ಇವತ್ತು ನಲವತ್ತು.”

ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು. ಕೇಳುತ್ತಾ ಕೇಳುತ್ತಾ ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

“ಯಾರೇ? ಏನಂತೆ?”

“ಸಾರುಲ್. ಅವಳಪ್ಪ ಆಗಲೇ ಚರ್ಚಿನ ಅಡುಗೆಮನೇಲಿದ್ದಾರಂತೆ. ಒಂದಿಡೀ ಕುರಿ ತಂದು ಬೇಯೋಕೆ ಇಟ್ಟಿದ್ದಾರಂತೆ. ವಯಸ್ಸಿನ ಮಕ್ಕಳಿಗೆ ಸೊಪ್ಪು ಸದೆ ಹಾಕಿ ಕಳಿಸ್ತಾರಾ ಅಂತ ನಮ್ಮನ್ನ ಬೈತಿದ್ದಾರಂತೆ.”

“ಕರೆದ ನಾವು ಇಲ್ಲಿ, ಬಂದ ನೆಂಟರು ಒಲೆ ಮುಂದೆ. ನಾಚಿಕೆಗೇಡು ಕಣೇ.”

“ಇರಲಿ ಬಿಡಿ. ಈ ಊರಲ್ಲಿ ಯಾರೋ ಅಡುಗೆ ಮಾಡ್ಕೊಂಡು ನಮಗೋಸ್ಕರ ಕಾಯ್ತಿರೋದು ಇದೇ ಮೊದಲು.”

ಬಸ್ಸು ಬಂತು. ಚೀಲದ ಒಂದೊಂದು ಕಿವಿ ಹಿಡಿದು ಇಬ್ಬರೂ ಹತ್ತಿದರು.